16 ಜಾಗದಿಂದ 22 ಜಾಗಕ್ಕೆ: ಚುವಾನ್‌ಝೌ ಬಂದರಿನ ಕಥೆಯನ್ನು ಎರಡನೇ ಸಲ ಹೇಳಿದ ಪ್ರಕರಣ

2018ರಲ್ಲಿ ಬಹ್ರೇನಿನ ಮನಾಮಾದಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಸಮಿತಿ ಸಭೆ ಸೇರಿತ್ತು. ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿ ಎಂದು ಚೀನಾ ಕಳಿಸಿದ್ದ ಕಡತಗಳಲ್ಲಿ ಒಂದು ಚುವಾನ್‌ಝೌ ಎಂಬ ಹಳೇ ಬಂದರು ಊರಿನದು. ಅದರಲ್ಲಿ 16 ಜಾಗಗಳ ಪಟ್ಟಿ ಇತ್ತು. ಬೌದ್ಧ ಗುಡಿ, ಮಸೀದಿ, ಕನ್ಫ್ಯೂಷಿಯಸ್ ಗುಡಿ, ಸಮುದ್ರ ದೇವತೆಯ ಗುಡಿ, ಮಾನಿ ಎಂಬ ಪರ್ಷಿಯಾದ ಗುರುವಿನ ಧರ್ಮದವರ ಗುಡಿ, ಚೀನೀ ಜ್ಞಾನಿ ಲಾವೊತ್ಸೆಯ ದೊಡ್ಡ ಕಲ್ಲುಮೂರ್ತಿ, ಹಡಗಿನವರಿಗೆ ಗುರುತಾಗಿದ್ದ ಗೋಪುರಗಳು, ಹಳೇ ಹಡಗುಕಟ್ಟೆಗಳು. ಒಂದೊಂದೂ ನೋಡುವಂಥದ್ದೇ. ಆದರೂ ಕಡತ ವಾಪಸ್ ಬಂತು.

2021ರ ಜುಲೈ 25ರಂದು ಅದೇ ಊರು ವಿಶ್ವ ಪರಂಪರೆ ಪಟ್ಟಿ ಸೇರಿತು. ತೆಲಂಗಾಣದ ರಾಮಪ್ಪ ಗುಡಿ ಸೇರಿದ್ದೂ ಅವತ್ತೇ, ಹಾಗಾಗಿ ಆ ತಾರೀಖು ನಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಈ ಸಲ ಕಡತದಲ್ಲಿ 22 ಜಾಗಗಳಿದ್ದವು. ಹೆಸರೂ ಬದಲಾಗಿತ್ತು. ಮೊದಲು 'ಪ್ರಾಚೀನ ಚುವಾನ್‌ಝೌದ ಐತಿಹಾಸಿಕ ಸ್ಮಾರಕಗಳು ಮತ್ತು ತಾಣಗಳು' ಎಂದಿದ್ದದ್ದು ಈಗ 'ಚುವಾನ್‌ಝೌ: ಸಾಂಗ್-ಯುವಾನ್ ಕಾಲದ ಚೀನಾದಲ್ಲಿ ಜಗತ್ತಿನ ಮಾರುಕಟ್ಟೆ' ಎಂದಾಗಿತ್ತು. ಸಾಂಗ್, ಯುವಾನ್ ಅಂದರೆ 10ರಿಂದ 14ನೇ ಶತಮಾನದವರೆಗೆ ಒಂದರ ಹಿಂದೊಂದು ಆಳಿದ ಅರಸು ವಂಶಗಳು, ಯುವಾನ್ ಮಂಗೋಲರದು.

ನನಗೆ ಈ ಎರಡು ಕಡತಗಳ ನಡುವಿನ ಮೂರು ವರ್ಷದ ಮೇಲೇ ಕಣ್ಣು. ಊರು ಅದೇ, ಕಲ್ಲುಗಳೂ ಅವೇ. ಬದಲಾದದ್ದು ಊರನ್ನು ಓದಿದ ರೀತಿ. ಕಡತ ಬರೆದವರು, ಅಗೆದವರು, ತೀರ್ಪು ಕೊಟ್ಟವರು ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಸ್ಥಳೀಯ ಇತಿಹಾಸ ಬರೆಯುವ ಯಾರಿಗಾದರೂ ಅವರ ನಿರ್ಧಾರಗಳು ಉಪಯೋಗಕ್ಕೆ ಬರುತ್ತವೆ ಅನ್ನುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ: ಊರು ಕೂತ ಜಾಗ

ಚುವಾನ್‌ಝೌ ಇರುವುದು ಚೀನಾದ ಆಗ್ನೇಯ ಕರಾವಳಿಯ ಫುಜಿಯಾನ್ ಪ್ರಾಂತ್ಯದಲ್ಲಿ, ತೈವಾನಿಗೆ ಎದುರು. ಜಿನ್ ಮತ್ತು ಲುವೊಯಾಂಗ್ ಎಂಬ ಎರಡು ಹೊಳೆಗಳು ಇಲ್ಲಿನ ಕೊಲ್ಲಿಗೆ ಬಂದು ಸೇರುತ್ತವೆ. ಬೆನ್ನಿಗೆ ಬೆಟ್ಟಸಾಲು. ಅಲ್ಲಿನವರು ತಮ್ಮ ನಾಡನ್ನು ಎಂಟು ಪಾಲು ಬೆಟ್ಟ, ಒಂದು ಪಾಲು ನೀರು, ಒಂದು ಪಾಲು ಗದ್ದೆ ಅನ್ನುತ್ತಾರೆ. ಗದ್ದೆ ಕಡಿಮೆ, ಉಣ್ಣುವ ಬಾಯಿ ಜಾಸ್ತಿ. ಅಕ್ಕಿಯನ್ನು ಹೊರಗಿನಿಂದ ತರಿಸಬೇಕಿತ್ತು. ಹಾಗಾಗಿ ಇಲ್ಲಿನವರು ಹಡಗು ಹತ್ತಿದ್ದು ಹೊಟ್ಟೆಪಾಡಿಗೆ.

ಬೆಟ್ಟ ಭತ್ತ ಕೊಡದಿದ್ದರೂ ಬೇರೆಯದನ್ನು ಕೊಟ್ಟಿತು. ದೆಹುವಾದಲ್ಲಿ ಬಿಳಿ ಪಿಂಗಾಣಿಗೆ ಬೇಕಾದ ಮಣ್ಣು. ಆನ್‌ಶಿಯಲ್ಲಿ ಕಬ್ಬಿಣದ ಅದಿರು. ಹಡಗಿಗೆ ಮರ. ಒಲೆಗಳಿಗೆ ಇದ್ದಿಲು. ಎಲ್ಲವೂ ಹೊಳೆಯ ದಾರಿಯಲ್ಲಿ ಕೆಳಗಿಳಿದು ಕೊಲ್ಲಿಗೆ ಬರುತ್ತಿತ್ತು.

ಕರಾವಳಿಯ ಮೇಲೆ ಊರಿನ ಸ್ಥಾನವೂ ಮುಖ್ಯ. ದಕ್ಷಿಣಕ್ಕೆ ಗುವಾಂಗ್‌ಝೌ, ಉತ್ತರಕ್ಕೆ ನಿಂಗ್ಬೊ ಮತ್ತು ಹಾಂಗ್‌ಝೌ. ಆಗ್ನೇಯ ಏಷ್ಯಾ, ಇಂಡಿಯಾ, ಅರಬರ ನಾಡಿನ ಕಡೆಯಿಂದ ಬರುವ ಹಡಗಿಗೂ ಕೊರಿಯಾ, ಜಪಾನಿನ ಕಡೆ ಹೋಗುವ ಹಡಗಿಗೂ ಇದು ನಡುವಿನ ಜಾಗ. 1127ರಲ್ಲಿ ಸಾಂಗ್ ಅರಸರು ಉತ್ತರದ ರಾಜಧಾನಿ ಕಳೆದುಕೊಂಡರು. ಆಮೇಲೆ ಆಸ್ಥಾನ ಹಾಂಗ್‌ಝೌಗೆ ಬಂತು. ಅಲ್ಲಿಯವರೆಗೆ ರಾಜಧಾನಿಗೆ ಬಲು ದೂರದ ಮೂಲೆಯಾಗಿದ್ದ ಬಂದರು ಕೂತಲ್ಲೇ ಕೂತು ರಾಜಧಾನಿಗೆ ಹತ್ತಿರವಾಯಿತು.

ಜಾಗ ಚೆನ್ನಾಗಿದ್ದ ಮಾತ್ರಕ್ಕೆ ಬಂದರು ಬೆಳೆಯುವುದಿಲ್ಲ ಅನ್ನುವುದಕ್ಕೂ ಇಲ್ಲೇ ಪುರಾವೆ ಇದೆ. 1087ಕ್ಕೆ ಮುಂಚೆ ಇಲ್ಲಿ ಕಡಲ ವ್ಯಾಪಾರದ ಸರ್ಕಾರಿ ಕಚೇರಿ ಇರಲಿಲ್ಲ. ಇಲ್ಲಿನ ವರ್ತಕ ಹೊರದೇಶಕ್ಕೆ ಹೊರಡಬೇಕಾದರೆ ಗುವಾಂಗ್‌ಝೌಗೆ ಹೋಗಿ ಕಾಗದಪತ್ರ ಮಾಡಿಸಬೇಕು. ಹಾಯಿ ಹಡಗಿನ ಕಾಲದಲ್ಲಿ ಅಷ್ಟು ಸುತ್ತಿ ಬರುವುದೆಂದರೆ ಗಾಳಿ ತಪ್ಪುವ ಭಯ. ಒಂದು ಸಲ ಗಾಳಿ ತಪ್ಪಿದರೆ ವರ್ಷವೇ ಹೋಯಿತು. 1087ರಲ್ಲಿ ಇಲ್ಲೇ ಕಚೇರಿ ತೆರೆದರು. ಹಡಗು ತಪಾಸಣೆ, ಸುಂಕ, ಪರವಾನಗಿ ಎಲ್ಲ ಊರಲ್ಲೇ ಆಗತೊಡಗಿತು. ಪ್ರಕರಣದ ಮೊದಲ ತಿರುವು ಇದು.

ಗಾಳಿಗೆ ಕಾಯುವ ತಿಂಗಳುಗಳು

ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡನೇ ಕಡತ ಓದುವಾಗ ನನಗೆ ಹೆಚ್ಚು ಸಹಾಯಕ್ಕೆ ಬಂದದ್ದು ಗಾಳಿಯ ಲೆಕ್ಕ.

ಚಳಿಗಾಲದಲ್ಲಿ ಈಶಾನ್ಯದಿಂದ ಗಾಳಿ ಬೀಸುತ್ತದೆ, ಆಗ ಹಡಗು ದಕ್ಷಿಣಕ್ಕೆ ಹೊರಡುತ್ತದೆ. ಬೇಸಿಗೆಯಲ್ಲಿ ನೈಋತ್ಯದ ಗಾಳಿ, ಆಗ ವಾಪಸ್ ಬರುತ್ತದೆ. ನಮ್ಮ ಕರಾವಳಿಗೆ ಮಳೆ ತರುವ ಮುಂಗಾರಿನ ಮನೆತನದ ಗಾಳಿಯೇ ಇದು. ಇಂಡಿಯಾದ ಕಡೆಯಿಂದ ಬಂದ ವರ್ತಕ ಬೇಸಿಗೆಯಲ್ಲಿ ಇಲ್ಲಿ ಇಳಿದ ಅಂದುಕೊಳ್ಳಿ. ಮಾಲು ಒಂದೇ ವಾರದಲ್ಲಿ ಮಾರಾಟವಾದರೂ ಅವನು ಹೊರಡುವ ಹಾಗಿಲ್ಲ. ಚಳಿಗಾಲದ ಗಾಳಿ ಏಳುವವರೆಗೆ ಕಾಯಬೇಕು. ಬಾಕಿ ವಸೂಲಿ ತಡವಾದರೆ ಇನ್ನೊಂದು ವರ್ಷ.

ತಿಂಗಳುಗಟ್ಟಲೆ ಕೂತವನಿಗೆ ಇರಲು ಮನೆ ಬೇಕು, ತನ್ನ ಅಡಿಗೆ ಬೇಕು. ಪೂಜೆಗೆ, ನಮಾಜಿಗೆ ಒಂದು ಜಾಗ ಬೇಕು. ಸತ್ತರೆ ಮಣ್ಣು ಮಾಡಲು ನೆಲ ಬೇಕು. ಕೆಲವರು ಇಲ್ಲೇ ಮದುವೆಯಾದರು, ಮಕ್ಕಳಾದವು. ಬಂದು ಹೋಗುವವರ ಬಂದರು ಹೀಗೆ ನೆಲೆ ನಿಲ್ಲುವವರ ಊರಾಯಿತು. ಚಿಂಗ್‌ಜಿಂಗ್ ಮಸೀದಿ 1009ರಷ್ಟು ಹಳೆಯದು, 1309–10ರಲ್ಲಿ ಅದನ್ನು ಮತ್ತೆ ಕಟ್ಟಿದರು. 1281ರ ಒಂದು ಕಲ್ಲಿನಲ್ಲಿ ತಮಿಳು ಮತ್ತು ಚೀನೀ ಎರಡೂ ಬರಹ ಇದೆ, ಶಿವನ ಗುಡಿಗೆ ಸಂಬಂಧಪಟ್ಟದ್ದು. ಊರ ಹೊರಗಿನ ಚಾವೊಆನ್ ಎಂಬಲ್ಲಿ 1339ರ ಮಾನಿಯ ಕಲ್ಲುಮೂರ್ತಿ ಇದೆ. ಪರ್ಷಿಯಾದ ಕಡೆ ಹುಟ್ಟಿ ಬೇರೆಲ್ಲೆಡೆ ಅಳಿದುಹೋದ ಧರ್ಮದ ಗುರು ಇಲ್ಲಿ ಬುದ್ಧನ ಹಾಗೆ ಕೂತು ಊರವರಿಂದ ಕೈಮುಗಿಸಿಕೊಂಡ. ರೋಮಿನ ಚರ್ಚಿನ ಬಿಷಪ್ ಕೂಡ ಇಲ್ಲಿದ್ದ.

ಕೈಯುವಾನ್ ಬೌದ್ಧ ದೇವಾಲಯದ ದೊಡ್ಡ ಮಂಟಪದ ಹಿಂಬದಿಗೆ ಹೋದರೆ ಎರಡು ಕಲ್ಲುಕಂಬ ಸಿಗುತ್ತವೆ. 16 ಮುಖದ ಕಂಬಗಳು, ನಡುನಡುವೆ ದುಂಡು ಚೌಕಟ್ಟಿನಲ್ಲಿ ಚಿತ್ರಗಳು. ಒಂದರಲ್ಲಿ ನರಸಿಂಹ. ಇನ್ನೊಂದರಲ್ಲಿ ಒರಳು ಎಳೆದುಕೊಂಡು ಎರಡು ಮರಗಳ ನಡುವೆ ನುಗ್ಗುವ ಪುಟ್ಟ ಕೃಷ್ಣ. ನಮ್ಮ ಅಜ್ಜಿಯರು ಹೇಳಿದ ಕಥೆ! ಅದೇ ಕಂಬಗಳಲ್ಲಿ ಚೀನೀ ಹೂಬಳ್ಳಿಗಳೂ ಇವೆ. ಕೆತ್ತಿದವರು ಊರಿನ ಕಲ್ಲುಕುಟಿಗರೇ ಇರಬೇಕು ಅನ್ನುತ್ತಾರೆ ತಿಳಿದವರು. ಹಿಂದೂ ಗುಡಿ ಹಾಳಾದ ಮೇಲೆ ಅದರ ಈ ಕಂಬಗಳನ್ನು ತಂದು ಇಲ್ಲಿ ನಿಲ್ಲಿಸಿದರು. ಊರ ಹತ್ತಿರದ ಇನ್ನೊಂದು ಹಳ್ಳಿಯಲ್ಲಿ ನಾಲ್ಕು ಕೈಯ ಹಿಂದೂ ದೇವಿಯನ್ನು ಈಗಲೂ ಬೌದ್ಧರ ಕರುಣೆಯ ದೇವತೆ ಗುವಾನ್‌ಯಿನ್ ಎಂದು ನಂಬಿ ಊದುಬತ್ತಿ ಹಚ್ಚುತ್ತಾರೆ.

ಅರಬರು ಈ ಊರನ್ನು ಜೈತೂನ್ ಅಂದರು. ಮೂಲ ಹೆಸರು ಚಿತೊಂಗ್, ಕೆಂಪು ಹೂ ಬಿಡುವ ಮುಳ್ಳಿನ ಮರ. 10ನೇ ಶತಮಾನದಲ್ಲಿ ಕೋಟೆಯ ಸುತ್ತ ಆ ಮರ ನೆಟ್ಟಿದ್ದರಂತೆ. ನಮ್ಮ ಕಾಫಿ ತೋಟದವರು ನೆರಳಿಗೆ ಬೆಳೆಸುವ ಹಾಲುವಾಣ ಇದೇ ಜಾತಿಯದು. ಸ್ಯಾಟಿನ್ ಅನ್ನುವ ಬಟ್ಟೆಯ ಹೆಸರೂ ಜೈತೂನಿನಿಂದಲೇ ಬಂದದ್ದು ಎಂದು ಬಹಳ ಜನ ಪಂಡಿತರು ಒಪ್ಪುತ್ತಾರೆ.

ತೊಡಕು

ಮೊದಲ ಕಡತದ ಕೈಯಲ್ಲಿ ಇಷ್ಟೆಲ್ಲ ಇತ್ತು. ತೊಂದರೆಯೂ ಅದರಿಂದಲೇ ಬಂತು ಎಂದು ನನಗೆ ಅನ್ನಿಸುತ್ತದೆ.

16 ಜಾಗಗಳನ್ನು ಇನ್ನೊಮ್ಮೆ ನೋಡಿ. ಹೆಚ್ಚಿನವು ಪೂಜೆಯ ಜಾಗಗಳು, ಗೋರಿಗಳು, ಗೋಪುರಗಳು. ಮಾಲು ತಯಾರಾಗುವ ಜಾಗ ಅಂತ ಇದ್ದದ್ದು ಒಂದೇ, ಚಿಜಾವೊದ ಮಡಕೆ ಒಲೆಗಳು. ಮಾಲು ಸಾಗಿಸುವ ಸೇತುವೆಯೂ ಒಂದೇ, ಲುವೊಯಾಂಗ್ ಸೇತುವೆ. ವ್ಯಾಪಾರ ನಡೆಸಿದ ಕಚೇರಿ ಪಟ್ಟಿಯಲ್ಲೇ ಇಲ್ಲ. ಓದಿದವರಿಗೆ 'ಇಲ್ಲಿ ಎಲ್ಲ ಧರ್ಮದವರೂ ಇದ್ದರು' ಎಂದು ಗೊತ್ತಾಗುತ್ತದೆ. ಯಾಕೆ ಇಲ್ಲೇ ಇದ್ದರು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಹಲವು ಧರ್ಮದವರು ಕೂಡಿ ಬದುಕಿದ ಬಂದರುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ, ಅಲ್ವಾ? ಸಲಹೆ ಕೊಡುವ ತಜ್ಞ ಸಂಸ್ಥೆಗೆ ಕಡತ ಒಪ್ಪಿಗೆಯಾಗಲಿಲ್ಲ. ಸಮಿತಿ ಅದನ್ನು ವಾಪಸ್ ಕಳಿಸಿತು.

ಈ ತಪ್ಪು ಸಹಜವಾದದ್ದು, ಅದಕ್ಕೊಂದು ಕಾರಣವೂ ಇದೆ. ಊರಿನ ಹಳೇ ಕೋಟೆಗೋಡೆಯನ್ನು 20ನೇ ಶತಮಾನದ ಮೊದಲರ್ಧದಲ್ಲಿ ಕೆಡವಿದರು. ಒಳಗಿಂದ ಕೆತ್ತಿದ ಕಲ್ಲುಗಳು ಬರತೊಡಗಿದವು. ಅರಬ್ಬೀ ಬರಹದ ಗೋರಿಕಲ್ಲು, ಶಿಲುಬೆಯ ಜೊತೆ ರೆಕ್ಕೆಯ ದೇವದೂತ, ಹಿಂದೂ ಗುಡಿಯ ತುಂಡು. ಜೀವಶಾಸ್ತ್ರ ಕಲಿಸುತ್ತಿದ್ದ ಊರಿನ ಒಬ್ಬ ಶಾಲಾ ಮೇಷ್ಟ್ರು ಅವನ್ನು ಒಂದೊಂದಾಗಿ ಕಾಪಾಡಿದರು, ಕೊನೆಗೆ ಸರ್ಕಾರಕ್ಕೆ ಕೊಟ್ಟರು. ಕಲ್ಲುಕುಟಿಗರ ಕೈಗೆ, ಸುಣ್ಣದ ಗೂಡಿಗೆ ಹೋಗಬೇಕಿದ್ದ ಚರಿತ್ರೆಯನ್ನು ಅವರು ಉಳಿಸಿದರು. ಅವರ ಬಗ್ಗೆ ನನಗೆ ತುಂಬ ಗೌರವ. ಆದರೆ ಅಲ್ಲಿಂದ ಮುಂದೆ ಊರಿನ ಗುರುತು ಎಂದರೆ ಈ ಕಲ್ಲುಗಳು ಎಂದಾಯಿತು. ಕಣ್ಣಿಗೆ ಕಾಣುವುದು ಸುಲಭವಾಗಿ ಕಥೆಯಾಗುತ್ತದೆ. ಬೆಟ್ಟದ ಮೇಲೆ ಕಬ್ಬಿಣ ಕಾಸಿ ಉಳಿದ ಕಿಟ್ಟದ ರಾಶಿ ಯಾರ ಕಣ್ಣಿಗೆ ಬೀಳಬೇಕು?

ಏನು ಮಾಡಿದರು

ಇನ್ನಷ್ಟು ಗುಡಿ, ಮಸೀದಿ ಸೇರಿಸಿ ಪಟ್ಟಿ ಉದ್ದ ಮಾಡಬಹುದಿತ್ತು. ಹಾಗೆ ಮಾಡಲಿಲ್ಲ. ನೆಲ ಅಗೆಯಲು ಹೊರಟರು. ಪ್ರಕರಣದ ಮುಖ್ಯ ತಿರುವು ಇದೇ. ಹೊಸದಾಗಿ ಸೇರಿದ ಆರು ಜಾಗಗಳಲ್ಲಿ ಒಂದೂ ಪೂಜೆಯ ಜಾಗವಲ್ಲ.

ಮೊದಲನೆಯದು 1087ರ ಕಡಲ ವ್ಯಾಪಾರದ ಕಚೇರಿ ಇದ್ದ ಜಾಗ. ಹಳೇ ಊರಿನ ದಕ್ಷಿಣ ಭಾಗದಲ್ಲಿ, ಮನೆಗಳ ನಡುವೆ. ಹತ್ತಿರದ ಓಣಿಗೆ ಈಗಲೂ 'ನೀರ ಬಾಗಿಲ ಓಣಿ' ಎಂಬ ಅರ್ಥದ ಹೆಸರಿದೆ. ಹೊಳೆಯಿಂದ ಕಾಲುವೆಯಲ್ಲಿ ಆ ಬಾಗಿಲ ಮೂಲಕ ದೋಣಿ ಒಳಗೆ ಬರುತ್ತಿತ್ತು, ಮಾಲು ಕಚೇರಿಗೆ ಹೋಗುತ್ತಿತ್ತು. 1225ರಲ್ಲಿ ಇಲ್ಲಿನ ಮೇಲಧಿಕಾರಿ ಝಾವೊ ರುಗುವಾ ಒಂದು ಗ್ರಂಥ ಬರೆದ. ಬಂದ ವರ್ತಕರನ್ನು ಕೇಳಿ ಕೇಳಿ ಮಲಬಾರಿನಿಂದ ಆಫ್ರಿಕಾದ ಕರಾವಳಿಯವರೆಗೆ ದೇಶಗಳನ್ನೂ ಸರಕುಗಳನ್ನೂ ವರ್ಣಿಸಿದ್ದಾನೆ. ಗಾಳಿಗೆ ಕಾಯುವವರ ಬಾಯಲ್ಲಿ ಜಗತ್ತೇ ಇತ್ತು.

ಎರಡನೆಯದು ಅರಸು ಮನೆತನದವರ ಆಡಳಿತ ಕಚೇರಿಯ ಜಾಗ. ಉತ್ತರ ಕಳೆದುಕೊಂಡ ಮೇಲೆ ಸಾಂಗ್ ವಂಶದ ಒಂದು ಕವಲನ್ನು ಇಲ್ಲಿಗೆ ತಂದು ನೆಲೆಗೊಳಿಸಿದರು. 13ನೇ ಶತಮಾನದಲ್ಲಿ ಅವರ ಸಂಖ್ಯೆ 2,000 ದಾಟಿತ್ತು. ಕೂತು ಉಣ್ಣುವ ಅಷ್ಟು ಜನ ಅಂದರೆ ಸುಗಂಧ, ಮುತ್ತು, ದಂತಕ್ಕೆ ಊರೊಳಗೇ ಗಿರಾಕಿಗಳು.

ಮೂರನೆಯದು ಆನ್‌ಶಿಯ ಬೆಟ್ಟದಲ್ಲಿ ಶಿಯಾಚಾವೊಪು ಎಂಬಲ್ಲಿನ ಕಬ್ಬಿಣ ತೆಗೆಯುವ ಜಾಗ. 2019ರಿಂದ ಅಲ್ಲಿ ಅಗೆತ ನಡೆಯಿತು. ಕುಲುಮೆಗಳು, ಕಿಟ್ಟದ ಪದರಗಳು ಸಿಕ್ಕವು. ನನ್ನ ಮಟ್ಟಿಗೆ ಇಡೀ ಕಡತವನ್ನು ತಿರುಗಿಸಿದ ಜಾಗ ಇದು. ಕಡಲು ಕಾಣದ ಒಂದು ಬೆಟ್ಟದ ಹಳ್ಳಿ ಬಂದರಿನ ಭಾಗ ಎಂದು ಒಪ್ಪಿಕೊಂಡ ಕೂಡಲೇ ಬಂದರು ಅನ್ನುವ ಮಾತಿನ ಅರ್ಥ ದೊಡ್ಡದಾಗುತ್ತದೆ. ನಾಲ್ಕನೆಯದು ದೆಹುವಾದ ಪಿಂಗಾಣಿ ಒಲೆಗಳು. 2007ರಲ್ಲಿ ದಕ್ಷಿಣ ಚೀನಾ ಸಮುದ್ರದಿಂದ ಮೇಲೆತ್ತಿದ ಸಾಂಗ್ ಕಾಲದ ಹಡಗಿನಲ್ಲಿ ದೆಹುವಾದ ಪಿಂಗಾಣಿ, ಚಿಜಾವೊದ ಮಡಕೆ, ಕಬ್ಬಿಣದ ಸಾಮಾನು ಎಲ್ಲ ಒಟ್ಟಿಗೆ ಸಿಕ್ಕಿದ್ದವು. ಈಗ ಅವುಗಳ ತವರೂ ಪಟ್ಟಿಯಲ್ಲಿ ಬಂತು.

ಇನ್ನೆರಡು ಸೇತುವೆಗಳು, ಆನ್‌ಪಿಂಗ್ ಮತ್ತು ಶುಂಜಿ. ಆನ್‌ಪಿಂಗ್ ಸೇತುವೆಯನ್ನು 1138ರಿಂದ 1151ರವರೆಗೆ ಕಟ್ಟಿದರು. ಈಗಲೂ ಎರಡು ಕಿಲೋಮೀಟರಿಗೆ ಮೇಲಿದೆ, ಪೂರಾ ಕಲ್ಲಿನದು. ಶುಂಜಿ ಸೇತುವೆ ಕುಸಿದು ಹೋಗಿದೆ, ಕಂಬಗಳ ಅವಶೇಷ ಮಾತ್ರ ಉಳಿದಿದೆ. ಆದರೂ ಸೇರಿಸಿದರು, ಯಾಕೆಂದರೆ ಅದಿಲ್ಲದೆ ದಾರಿ ಪೂರ್ತಿಯಾಗುವುದಿಲ್ಲ. ಚೆಂದ ನೋಡಿ ಆರಿಸಿದ್ದರೆ ಅದು ಬರುತ್ತಲೇ ಇರಲಿಲ್ಲ.

ಹೀಗೆ ಜೋಡಿಸಿದ ಮೇಲೆ ಮೊದಲಿನ 16 ಜಾಗಗಳಿಗೂ ಬೇರೆ ಜೀವ ಬಂತು. ಲುವೊಯಾಂಗ್ ಸೇತುವೆಯನ್ನೇ ತೆಗೆದುಕೊಳ್ಳಿ. 1053ರಿಂದ 1059ರವರೆಗೆ, ಹೊಳೆ ಕಡಲು ಸೇರುವಲ್ಲಿ ಕಟ್ಟಿದ್ದು. ಉಬ್ಬರದ ಸೆಳೆತಕ್ಕೆ ಕಂಬದ ಬುಡ ನಿಲ್ಲುತ್ತಿರಲಿಲ್ಲ. ಹೊಳೆಯ ಅಡಿಯಲ್ಲಿ ಕಲ್ಲು ಸುರಿದು, ಅದರ ಮೇಲೆ ಸಿಂಪಿ ಸಾಕಿದರು. ಸಿಂಪಿಗಳು ಕಲ್ಲಿಗೆ ಕಲ್ಲನ್ನು ಅಂಟಿಸಿಕೊಂಡು ಬೆಳೆದವು. ಮೊದಲ ಕಡತದಲ್ಲಿ ಇದೊಂದು ಹಳೇ ಸೇತುವೆ. ಎರಡನೆಯದರಲ್ಲಿ ಬೆಟ್ಟದ ಮಾಲು ಕಟ್ಟೆ ತಲುಪುವ ದಾರಿಯ ಒಂದು ಕೊಂಡಿ.

ಏನಾಯಿತು, ಮತ್ತು ಒಂದು ಎಚ್ಚರಿಕೆ

2021ರ ಸಭೆ ನಡೆದದ್ದು ಫುಝೌದಲ್ಲಿ, ಅಂದರೆ ಅದೇ ಫುಜಿಯಾನಿನ ರಾಜಧಾನಿಯಲ್ಲಿ. ಕೊರೊನಾ ಕಾಲವಾದ್ದರಿಂದ ಚರ್ಚೆ ಆನ್‌ಲೈನಿನಲ್ಲಿ. ಚುವಾನ್‌ಝೌ ಪಟ್ಟಿ ಸೇರಿತು.

ಈ ಗೆಲುವು ನೋಡಿ 'ಜಾಗವೇ ಎಲ್ಲ' ಎಂದುಬಿಡುವುದು ಮಾತ್ರ ತಪ್ಪಾಗುತ್ತದೆ. ಜಾಗ ಅಲ್ಲೇ ಇದ್ದಾಗಲೂ ಬಂದರು ಬಿದ್ದಿತು. 1276ರಲ್ಲಿ ಮಂಗೋಲರಿಗೆ ಹೆದರಿ ಓಡಿ ಬಂದ ಸಾಂಗ್ ಆಸ್ಥಾನಕ್ಕೆ ಇಲ್ಲಿನ ಪ್ರಬಲ ವರ್ತಕ ಪು ಶೌಗೆಂಗ್ ಬಾಗಿಲು ಮುಚ್ಚಿದ. ಹೊರನಾಡಿನಿಂದ ಬಂದ ಮುಸ್ಲಿಂ ಮನೆತನದವನು, ಕಡಲ ವ್ಯಾಪಾರ ಅವನ ಕೈಯಲ್ಲಿತ್ತು. ಊರಲ್ಲಿದ್ದ ಅರಸು ಮನೆತನದವರ ಕೊಲೆಯಾಯಿತು. ಬಂದರು ಮಾತ್ರ ಮಂಗೋಲರ ಕೆಳಗೆ ಇನ್ನೂ ಬೆಳೆಯಿತು. ಮಾರ್ಕೊ ಪೋಲೊ ಇಲ್ಲಿಂದಲೇ ಹಡಗು ಹತ್ತಿದ್ದು ಆ ಕಾಲದಲ್ಲಿ. 1357ರಿಂದ 1366ರವರೆಗೆ ಪರ್ಷಿಯನ್ ಸೈನಿಕರ ದಂಗೆ ನಡೆಯಿತು, ಕೊನೆಯಲ್ಲಿ ಪರದೇಶಿಗಳ ಮಾರಣಹೋಮ. ಗಾಳಿಗೆ ಕಾಯುತ್ತಾ ಕಟ್ಟಿಕೊಂಡ ಮನೆಗಳು ಹತ್ತು ವರ್ಷದಲ್ಲಿ ಹಾಳಾದವು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಆಮೇಲೆ ಬಂದ ಮಿಂಗ್ ಅರಸರು ಖಾಸಗಿ ಕಡಲ ವ್ಯಾಪಾರ ನಿಷೇಧಿಸಿದರು. ಹೊಳೆಯ ಹೂಳೂ ಸೇರಿಕೊಂಡಿತು. 1470ರ ದಶಕದಲ್ಲಿ ಸರ್ಕಾರಿ ಕಚೇರಿಯೂ ಫುಝೌಗೆ ಹೋಯಿತು.

ಬಂದರು ನಿಂತರೂ ಜನ ನಿಲ್ಲಲಿಲ್ಲ. ಗದ್ದೆ ಕಡಿಮೆ ಎಂಬ ಹಳೇ ಕಾರಣ ಇನ್ನೂ ಇತ್ತಲ್ಲ. ಈ ಸುತ್ತಿನವರು ತೈವಾನ್, ಮನಿಲಾ, ಪೆನಾಂಗ್, ಸಿಂಗಪುರಕ್ಕೆ ಹೋದರು. ಜೊತೆಗೆ ತಮ್ಮ ಮಿನ್ನಾನ್ ಮಾತು, ನಾನ್‌ಯಿನ್ ಸಂಗೀತ, ಸಮುದ್ರ ದೇವತೆ ಮಾಜುವನ್ನು ಕರೆದೊಯ್ದರು. ಚೀನಾದ ಬೇರೆ ಕಡೆಯವರು 'ಚಾ' ಅಂದರೆ ಇವರು 'ತೆ' ಅನ್ನುತ್ತಾರೆ. ಡಚ್ಚರು ಇವರ ಬಾಯಿಂದ ಆ ಮಾತು ಕಲಿತು ಯುರೋಪಿಗೆ ಒಯ್ದರು, ಅದು ಇಂಗ್ಲಿಷಿನ ಮೂಲಕ ನಮ್ಮ ಹೋಟೆಲಿನವರೆಗೆ ಬಂತು. ಒಂದೇ ಮನೆಯಲ್ಲಿ ಅಪ್ಪ 'ಚಾ ಮಾಡು' ಅಂದು ಮಗಳು 'ಟೀನಾ?' ಎಂದು ಕೇಳಿದರೆ ಚೀನಾದ ಎರಡು ದಾರಿಗಳು ಅಲ್ಲಿ ಸೇರಿದ ಹಾಗೆ.

ನಮಗೆ ಇದರಲ್ಲಿ ಏನಿದೆ

ಮೊರಾಕೊದ ಪ್ರವಾಸಿ ಇಬ್ನ್ ಬತೂತ 14ನೇ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರು ನೋಡಿದ. ಮಂಗಳೂರಿನಲ್ಲಿ ಪರ್ಷಿಯಾ, ಯೆಮನ್ನಿನ ವರ್ತಕರು ಇಳಿಯುವುದನ್ನೂ ಅಲ್ಲಿ ಮೆಣಸು, ಶುಂಠಿ ಧಾರಾಳವಾಗಿ ಸಿಗುವುದನ್ನೂ ಬರೆದ. ಕೆಲವು ವರ್ಷದ ಮೇಲೆ ಜೈತೂನಿನಲ್ಲಿ ಇಳಿದು, ಜಗತ್ತಿನ ದೊಡ್ಡ ಬಂದರುಗಳಲ್ಲಿ ಅದೂ ಒಂದು ಎಂದ. ಅವನ ಕಣ್ಣಿಗೆ ಇವೆಲ್ಲ ಒಂದೇ ಕಡಲ ಊರುಗಳು.

ನಮ್ಮ ಕರಾವಳಿಯ ಹಳೇ ಬಂದರುಗಳ ಬಗ್ಗೆ ಬರೆಯುವಾಗ ನಾವೂ ಹೆಚ್ಚಾಗಿ ಮೊದಲ ಕಡತದ ಹಾಗೆ ಬರೆಯುತ್ತೇವೆ. ಇಷ್ಟು ಗುಡಿ, ಇಷ್ಟು ಬಸದಿ, ಇಷ್ಟು ಶಾಸನ. ಶರಾವತಿಯ ಮೇಲ್ಗಡೆ ಗೇರುಸೊಪ್ಪೆ, ಕೆಳಗಡೆ ಹೊನ್ನಾವರ, ನಡುವೆ ದೋಣಿಯ ದಾರಿ, ಬೆನ್ನಿಗೆ ಮೆಣಸಿನ ಬೆಟ್ಟ. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದದ್ದು ಆ ಬೆಟ್ಟ ಮತ್ತು ಹೊಳೆಯ ಬಲದಿಂದ. ಚತುರ್ಮುಖ ಬಸದಿಯ ಫೋಟೊ ತೆಗೆದವರು ಎಷ್ಟೋ ಜನ. ಮೆಣಸಿನ ಮೂಟೆ ಘಟ್ಟದ ಯಾವ ದಾರಿಯಲ್ಲಿ ಇಳಿಯಿತು, ಎಲ್ಲಿ ದೋಣಿ ಹತ್ತಿತು, ಸುಂಕ ಎಲ್ಲಿ ಕೊಟ್ಟರು ಎಂದು ಊರಿನ ಹಿರಿಯರನ್ನು ಕೂರಿಸಿ ಕೇಳಿ ನಕ್ಷೆ ಮಾಡುವ ಕೆಲಸವನ್ನೂ ಅಷ್ಟೇ ಪ್ರೀತಿಯಿಂದ ಮಾಡಬೇಕು. ಬಿದ್ದುಹೋದ ಕಟ್ಟೆಯನ್ನೂ ಪಟ್ಟಿಗೆ ಸೇರಿಸಬೇಕು, ಶುಂಜಿಯ ಹಾಗೆ.

ಎರಡೂ ಕಡತಗಳಲ್ಲಿದ್ದ ಒಂದು ಜಾಗದ ಬಗ್ಗೆ ಇನ್ನೂ ಹೇಳಿಲ್ಲ. ಊರಿಂದ ಸ್ವಲ್ಪ ಮೇಲೆ, ಜಿನ್ ಹೊಳೆಯ ದಡದಲ್ಲಿ ಜ್ಯುರಿ ಎಂಬ ಬೆಟ್ಟ. ವರ್ಷಕ್ಕೆ ಎರಡು ಸಲ, ಹಡಗು ಹೊರಡುವ ಹೊತ್ತಿಗೆ ಮತ್ತು ಬರುವ ಹೊತ್ತಿಗೆ, ಊರಿನ ಅಧಿಕಾರಿಗಳು ಅಲ್ಲಿಗೆ ಹೋಗಿ ಗಾಳಿಗಾಗಿ ಹರಕೆ ಹೊರುತ್ತಿದ್ದರು. ಮುಗಿದ ಮೇಲೆ ಯಾರು ಬಂದಿದ್ದರು, ಯಾವ ದಿನ ಎಂದು ಬಂಡೆಯ ಮೇಲೆ ಕೆತ್ತಿಸುತ್ತಿದ್ದರು. ಗಾಳಿ ಬೇಡಿದ ಅಂಥ ಬರಹಗಳು ಹತ್ತು ಉಳಿದಿವೆ. ಮೊದಲನೆಯದು 1174ರದ್ದು, ಕೊನೆಯದು 1266ರದ್ದು. ಬಂಡೆಯ ಕೆಳಗೆ ಹೊಳೆ ಈಗಲೂ ಕೊಲ್ಲಿಯ ಕಡೆಗೇ ಹರಿಯುತ್ತದೆ.